ಪಾಚಿ ನೋಡೋಕೆ ಯೆಲ್ಲೊಸ್ಟೋನ್‌ಗೆ

ಗುರುವಾರ: ಸಾಲ್ಟ್ ಲೇಕ್ ಸಿಟಿಯಿಂದ ವೆಸ್ಟ್ ಯೆಲ್ಲೊಸ್ಟೋನ್

ಅಮೆರಿಕದ ಯೆಲ್ಲೊಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಹೋಗುವವರೆಲ್ಲ ಓಲ್ಡ್ ಫೇತ್‌ಫುಲ್ ಅನ್ನುವ ಗೀಸರ್, ಅಂದರೆ ಆಗಾಗ ಮೇಲಕ್ಕೆ ಹಾರುವ ಬಿಸಿನೀರಿನ ಬುಗ್ಗೆ, ಚಿಮ್ಮೋದು ನೋಡಬೇಕು, ಬೈಸನ್ ನೋಡಬೇಕು, ಅದೃಷ್ಟ ಇದ್ದರೆ ಕರಡಿ ನೋಡಬೇಕು ಅಂತ ಹೋಗುತ್ತಾರೆ. ನಮ್ಮ ಕಾರಿನಲ್ಲಿ ಮೂರು ಜನ ಇದ್ದೆವು. ನಮ್ಮನೆಯವರಿಗೆ ಗೀಸರ್ ಬೇಕಿತ್ತು. ಹಾಸನದಿಂದ ಬಂದಿದ್ದ ಅಪ್ಪನಿಗೆ ಬೈಸನ್. ನನಗೆ ಬೇಕಿದ್ದದ್ದು ಪಾಚಿ.

ಬಿಸಿನೀರಿನ ಬುಗ್ಗೆಗಳ ಅಂಚಿನಲ್ಲಿ ಹಳದಿ, ಕಿತ್ತಳೆ, ಹಸಿರು, ಕಂದು ಬಣ್ಣ ಹರಡಿರುವ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಜಾಸ್ತಿ ಜನ ಅದನ್ನು ಗಂಧಕ ಅಂದುಕೊಳ್ಳುತ್ತಾರೆ. ಕೆಲವು ಕಡೆ ಅದು ನಿಜವೂ ಹೌದು. ಆದರೆ ಫೋಟೋಗಳಲ್ಲಿ ಕಾಣುವ ಬಹುಪಾಲು ಬಣ್ಣಕ್ಕೆ ಜೀವ ಇದೆ. ಅದರಲ್ಲಿ ಮುಖ್ಯವಾದದ್ದು ಸಯನೋಬ್ಯಾಕ್ಟೀರಿಯಾ. ನಮ್ಮ ಶಾಲೆಯ ಪುಸ್ತಕದಲ್ಲಿ ಇದಕ್ಕೆ ನೀಲಿ-ಹಸಿರು ಪಾಚಿ ಅಂತ ಇರುತ್ತಿತ್ತು. ಹೆಸರಿಗೆ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ಗಿಡಗಳ ಹಾಗೇ ಬಿಸಿಲಿನಿಂದ ಅಡುಗೆ ಮಾಡಿಕೊಂಡು ಆಮ್ಲಜನಕ ಬಿಡುತ್ತೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಮೊದಲು ಆಮ್ಲಜನಕ ತುಂಬಿಸಿದ್ದೇ ಇವು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸ್ಪಿರುಲಿನಾ ಮಾತ್ರೆ ಕೂಡ ಇದೇ ವಂಶ.

ಮೈಸೂರಿನಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ ಓದುವಾಗ ಈ ಬಿಸಿನೀರಿನ ಪಾಚಿಗೆ ಒಂದೇ ಪುಟ ಇತ್ತು. ಆ ಪುಟದಲ್ಲಿದ್ದ ಜಾಗಗಳ ಹೆಸರು ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತ್ತು. ಆಕ್ಟೋಪಸ್ ಸ್ಪ್ರಿಂಗ್, ಮಶ್ರೂಮ್ ಸ್ಪ್ರಿಂಗ್. ಈಗ ಅದಕ್ಕೂ ನನ್ನ ಕೆಲಸಕ್ಕೂ ಸಂಬಂಧ ಇಲ್ಲ. ಆದರೂ ಐದು ಗಂಟೆ ಡ್ರೈವ್‌ನಲ್ಲಿ ಅದು ಇದೆ ಅಂದಮೇಲೆ ಹೋಗದೇ ಇರೋಕಾಗುತ್ತಾ?

ದಾರಿ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಐಡಹೋ ಪೂರ್ತಿ ಆಲೂಗಡ್ಡೆ ಹೊಲ. ಐಡಹೋ ಫಾಲ್ಸ್ ದಾಟುವಷ್ಟರಲ್ಲಿ ಚಿತ್ರಾನ್ನದ ಡಬ್ಬಿ ಖಾಲಿ. ಸೆಪ್ಟೆಂಬರ್ ಕೊನೆ, ವೆಸ್ಟ್ ಯೆಲ್ಲೊಸ್ಟೋನ್‌ನಲ್ಲಿ ಇಳಿದಾಗ ಅಪ್ಪ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಜಾಕೆಟ್ ಹಾಕಿಕೊಂಡರು.

ಶುಕ್ರವಾರ: ಹೆಸರಾಂತ ಬುಗ್ಗೆ, ಬೋರ್ಡೇ ಇಲ್ಲ

ಬೆಳಗ್ಗೆ ಎದ್ದು ನೇರ ಫೈರ್‌ಹೋಲ್ ಲೇಕ್ ಡ್ರೈವ್‌ಗೆ ಹೋದೆವು. ಸುಮಾರು ಐದು ಕಿಲೋಮೀಟರ್‌ನ ಒನ್‌ವೇ ರಸ್ತೆ. ಗ್ರೇಟ್ ಫೌಂಟನ್ ಗೀಸರ್ ಇಲ್ಲೇ ಇದೆ. ಅದು ಚಿಮ್ಮೋದು ಹತ್ತು-ಹದಿನಾಲ್ಕು ಗಂಟೆಗೊಮ್ಮೆ. ನಾವು ಹೋದಾಗ ಸುಮ್ನೆ ಹೊಗೆಯಾಡುತ್ತಿತ್ತು. ನಮ್ಮನೆಯವರ ಮುಖ ಸಪ್ಪಗಾಯಿತು.

ನನ್ನ ಕಣ್ಣು ಅದರ ಆಚೆಗಿದ್ದ ವೈಟ್ ಕ್ರೀಕ್ ಕಡೆ. ಈ ಸಣ್ಣ ಹಳ್ಳದ ಆಸುಪಾಸಿನಲ್ಲೇ ಮಶ್ರೂಮ್ ಸ್ಪ್ರಿಂಗ್, ಆಕ್ಟೋಪಸ್ ಸ್ಪ್ರಿಂಗ್ ಎರಡೂ ಇರುವುದು. ಜೀವಶಾಸ್ತ್ರದಲ್ಲಿ ಇಷ್ಟು ಹೆಸರು ಮಾಡಿದ ಬುಗ್ಗೆಗಳು ಪ್ರಪಂಚದಲ್ಲೇ ಕಡಿಮೆ. ಆದರೆ ಇಲ್ಲಿ ಬೋರ್ಡಿಲ್ಲ, ಮರದ ಹಾದಿ ಇಲ್ಲ. ಸ್ಯಾಂಪಲ್ ತೆಗೆಯಬೇಕೆಂದರೆ ಪಾರ್ಕ್‌ನವರಿಂದ ಸಂಶೋಧನಾ ಪರವಾನಗಿ ಬೇಕು. ನಮ್ಮಂಥವರು ಹಾದಿ ಬಿಟ್ಟು ಕಾಲಿಡುವಂತಿಲ್ಲ. ಅದು ಬರೀ ಕಾನೂನಿನ ಮಾತಲ್ಲ. ಮೇಲೆ ಗಟ್ಟಿ ನೆಲದ ಹಾಗೆ ಕಾಣುವುದು ತೆಳು ಸಿಲಿಕಾ ಪದರ, ಕೆಳಗೆ ಕುದಿಯುವ ನೀರು. ಈ ಪಾರ್ಕ್‌ನ ಬುಗ್ಗೆಗಳಲ್ಲಿ ಬಿದ್ದು ಸತ್ತವರು 20ಕ್ಕೂ ಹೆಚ್ಚು.

"ಅಷ್ಟು ದೂರದಿಂದ ಬಂದು ಹಬೆ ನೋಡ್ಕೊಂಡು ಹೋಗೋದಾ ಪುಟ್ಟಿ?" ಅಂದರು ಅಪ್ಪ.

ಹೌದು, ಹಬೆಯನ್ನೇ ನೋಡಿದೆವು. ನೋಡುತ್ತಾ ಅವರಿಗೆ ಕಥೆ ಹೇಳಿದೆ.

1964ರಲ್ಲಿ ಥಾಮಸ್ ಬ್ರಾಕ್ ಅನ್ನುವ ವಿಜ್ಞಾನಿ ಪ್ರವಾಸಿಯಾಗಿ ಇಲ್ಲಿಗೆ ಬಂದರು. ಬಣ್ಣಗಳನ್ನು ನೋಡಿ ತಲೆ ಕೆಡಿಸಿಕೊಂಡು ಮತ್ತೆ ಮತ್ತೆ ಬಂದರು. ಅಷ್ಟು ಬಿಸಿಯಲ್ಲಿ ಜೀವ ಇರೋಕೆ ಸಾಧ್ಯವಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಬ್ರಾಕ್‌ಗೆ ಆಕ್ಟೋಪಸ್ ಸ್ಪ್ರಿಂಗ್‌ನಲ್ಲಿ 80 ಡಿಗ್ರಿಗೂ ಮೇಲಿನ ನೀರಿನಲ್ಲಿ ಗುಲಾಬಿ ಎಳೆಗಳು ತೇಲಾಡುವುದು ಕಂಡಿತು. ಬದುಕಿರುವ ಎಳೆಗಳು. 1966ರಲ್ಲಿ ಅವರೂ ಅವರ ಶಿಷ್ಯ ಹಡ್ಸನ್ ಫ್ರೀಝ್ ಅವರೂ ಇಲ್ಲಿನ ಬುಗ್ಗೆಗಳಿಂದ ನೀರು ಒಯ್ದರು. ಫ್ರೀಝ್ ಆಗಿನ್ನೂ ಪದವಿ ಓದುತ್ತಿದ್ದ ಹುಡುಗ. ಮಶ್ರೂಮ್ ಸ್ಪ್ರಿಂಗ್‌ನ ಸ್ಯಾಂಪಲ್‌ನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾಕ್ಕೆ 1969ರಲ್ಲಿ ಥರ್ಮಸ್ ಅಕ್ವಾಟಿಕಸ್ ಅಂತ ಹೆಸರಿಟ್ಟರು. ಮುಂದೆ ಅದರ ಕಿಣ್ವವೇ ಟ್ಯಾಕ್ ಪಾಲಿಮರೇಸ್ ಆಗಿ, ಡಿಎನ್‌ಎ ಚೂರಿನ ನಕಲುಗಳನ್ನು ಮಾಡುವ ಪಿಸಿಆರ್ ಯಂತ್ರದೊಳಗೆ ಹೋಯಿತು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದರಲ್ಲ ಆರ್‌ಟಿ-ಪಿಸಿಆರ್ ಟೆಸ್ಟ್, ಅದರ ಬೇರು ಇಲ್ಲಿದೆ ಅಂದಾಗ ಅಪ್ಪ ಮತ್ತೊಮ್ಮೆ ಆ ಹಬೆ ಕಡೆ ತಿರುಗಿದರು. 1991ರಲ್ಲಿ ಪಿಸಿಆರ್ ಹಕ್ಕನ್ನು ರೋಶ್ ಕಂಪನಿ 30 ಕೋಟಿ ಡಾಲರ್‌ಗೆ ಕೊಂಡಿತು. ಪಾರ್ಕ್‌ಗೆ ಅದರಲ್ಲಿ ಬಂದದ್ದು ಸೊನ್ನೆ.

ಇದು ಎಲ್ಲರೂ ಹೇಳುವ ಕಥೆ. ನನಗೆ ಇದಕ್ಕಿಂತ ಇಷ್ಟವಾದ ಕಥೆ ಆಕ್ಟೋಪಸ್ ಸ್ಪ್ರಿಂಗ್‌ನದು. ಅಲ್ಲಿ ನೀರು ಹರಿದು ತಣಿಯುವ ಕಡೆ ದಪ್ಪಗೆ ಪಾಚಿ ಪದರ ಇದೆ. ಅದರಿಂದ ಒಂದು ಚೂರು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಸಣ್ಣ ಸಣ್ಣ ಉದ್ದುದ್ದ ಕೋಶಗಳು ಕಾಣುತ್ತವೆ. ಎಲ್ಲ ಒಂದೇ ಥರ. ಲ್ಯಾಬ್‌ನಲ್ಲಿ ಬೆಳೆಸಿದರೂ ಅಂಥದ್ದೇ ಬಂತು. ಸರಿ, ಈ ಸಯನೋಬ್ಯಾಕ್ಟೀರಿಯಾಕ್ಕೆ ಸಿನೆಕೊಕಾಕಸ್ ಲಿವಿಡಸ್ ಅಂತ ಒಂದು ಹೆಸರು ಕೊಟ್ಟು ಕೂತಿದ್ದರು. ಬೋಜ್‌ಮನ್‌ನ ಮೊಂಟಾನಾ ಸ್ಟೇಟ್ ಯೂನಿವರ್ಸಿಟಿಯ ಡೇವಿಡ್ ವಾರ್ಡ್ ಮತ್ತು ಜೊತೆಗಾರರು ಬೆಳೆಸೋ ಗೋಜಿಗೇ ಹೋಗಲಿಲ್ಲ. ಪಾಚಿ ಪದರವನ್ನೇ ತಂದು ಅದರಿಂದ ನೇರವಾಗಿ 16ಎಸ್ ಅನ್ನುವ ರೈಬೋಸೋಮ್ ಆರ್‌ಎನ್‌ಎಯ (ಕೋಶದೊಳಗೆ ಪ್ರೋಟೀನ್ ಕಟ್ಟುವ ಯಂತ್ರದ ಒಂದು ಭಾಗ) ಅಕ್ಷರಗಳನ್ನು ಓದಿದರು. ಪ್ರತಿಯೊಂದು ಬ್ಯಾಕ್ಟೀರಿಯಾದಲ್ಲೂ ಇದು ಇರುತ್ತೆ, ತೀರ ನಿಧಾನವಾಗಿ ಬದಲಾಗುತ್ತೆ. ಹಾಗಾಗಿ ಯಾರು ಯಾರಿಗೆ ಎಷ್ಟು ಹತ್ತಿರದ ನೆಂಟರು ಅಂತ ಲೆಕ್ಕ ಹಾಕೋಕೆ ಅನುಕೂಲ.

1990ರಲ್ಲಿ ಅದು ನೇಚರ್ ಪತ್ರಿಕೆಯಲ್ಲಿ ಬಂತು. ಲ್ಯಾಬ್‌ನಲ್ಲಿ ಬೆಳೆಸಿದ್ದ ಬ್ಯಾಕ್ಟೀರಿಯಾದ ಅಕ್ಷರಸಾಲು ಬುಗ್ಗೆಯಿಂದ ಓದಿದ್ದರಲ್ಲಿ ಎಲ್ಲೂ ಸಿಗಲಿಲ್ಲ. ಬಾಟಲಿಯ ಆಹಾರ ಹಿಡಿಸಿ ಬೇಗ ಬೆಳೆಯುವಂಥದ್ದು ಮಾತ್ರ ಲ್ಯಾಬ್‌ನಲ್ಲಿ ಮೇಲೆ ಬಂದಿತ್ತು. ನಿಜವಾಗಿ ಬುಗ್ಗೆಯನ್ನು ಆಳುತ್ತಿದ್ದವು ಯಾರೂ ಬೆಳೆಸದೇ ಇದ್ದ ಬೇರೆ ಸಿನೆಕೊಕಾಕಸ್‌ಗಳು. ಹೆಸರೂ ಇಲ್ಲದ ಅವಕ್ಕೆ ಎ, ಬಿ ಅಂತ ಅಕ್ಷರ ಹಚ್ಚಿದರು. ಆಮೇಲೆ ಇನ್ನಷ್ಟು ಸಿಕ್ಕವು. ಎ ಪ್ರೈಮ್, ಎ ಡಬಲ್ ಪ್ರೈಮ್, ಬಿ ಪ್ರೈಮ್. ಮೈಕ್ರೋಸ್ಕೋಪ್‌ನಲ್ಲಿ ಇವನ್ನು ಬೇರೆ ಮಾಡೋಕೆ ಇವತ್ತಿಗೂ ಆಗುವುದಿಲ್ಲ.

ಮಧ್ಯಾಹ್ನ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಅನ್ನುವ ದೊಡ್ಡ ಬಿಸಿನೀರಿನ ಬುಗ್ಗೆ. ಚಳಿಗಾಲ ಹತ್ತಿರ ಬಂದಾಗ ಬೆಳಗ್ಗೆ ಹೋದರೆ ಹಬೆ ಬಿಟ್ಟು ಇನ್ನೇನೂ ಕಾಣಲ್ಲ, ಹಾಗಾಗಿ ಬಿಸಿಲೇರಿದ ಮೇಲೆ ಹೋದೆವು. ಸುಮಾರು 112 ಮೀಟರ್ ಅಗಲ, 37 ಮೀಟರ್ ಆಳ. ಪಕ್ಕದ ಎಕ್ಸೆಲ್ಸಿಯರ್ ಕುಳಿಯಿಂದ ನಿಮಿಷಕ್ಕೆ 15,000 ಲೀಟರ್‌ನಷ್ಟು ಬಿಸಿನೀರು ಫೈರ್‌ಹೋಲ್ ನದಿಗೆ ಸುರಿಯುತ್ತೆ. ನಡುವಿನ ನೀಲಿ ಬರೀ ನೀರಿನ ಬಣ್ಣ, ಅಷ್ಟು ಬಿಸಿಯಲ್ಲಿ ಪಾಚಿ ಇಲ್ಲ. ಅದರ ಸುತ್ತ ಹಳದಿ ಅಂಚು ಶುರುವಾಗುವಲ್ಲಿ ನಮ್ಮ ಸಿನೆಕೊಕಾಕಸ್. ಹೊರಗೆ ಹೋದಂತೆ ಕಿತ್ತಳೆ, ಕಂದು. ಅಲ್ಲಿ ಫಾರ್ಮಿಡಿಯಮ್, ಕ್ಯಾಲೊಥ್ರಿಕ್ಸ್‌ನಂಥ ದಾರದಾಕಾರದವು ಸೇರಿಕೊಳ್ಳುತ್ತವೆ. 2017ರಲ್ಲಿ ತೆರೆದ ಓವರ್‌ಲುಕ್ ಹಾದಿ ಹತ್ತಿ ಮೇಲಿನಿಂದ ನೋಡಿದರೆ ಅದ್ಭುತವೇ. ಆದರೆ ಪಾಚಿ ತಿಳಿದುಕೊಳ್ಳೋಕೆ ಇದು ಒಳ್ಳೆಯ ಜಾಗ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ತುಂಬಾ ದೊಡ್ಡದು, ತುಂಬಾ ಜನ. ಸೆಲ್ಫಿ ಕಡ್ಡಿಗಳ ಮಧ್ಯೆ ತಲೆ ತೂರಿಸಬೇಕು.

ಶನಿವಾರ: ಒಂದು ಕಾಲುವೆ, ಒಂದು ಥರ್ಮಾಮೀಟರ್

ಓಲ್ಡ್ ಫೇತ್‌ಫುಲ್ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತೆ. ಚಿಮ್ಮಿತು. ನಮ್ಮನೆಯವರು ಖುಷಿಯಾದರು. ಬಿಸ್ಕಿಟ್ ಬೇಸಿನ್‌ಗೂ ಹೋಗಬೇಕೆಂದಿದ್ದೆವು, ಮುಚ್ಚಿತ್ತು. 2024ರ ಜುಲೈ 23ರಂದು ಅಲ್ಲಿನ ಬ್ಲ್ಯಾಕ್ ಡೈಮಂಡ್ ಪೂಲ್ ಒಮ್ಮೆಲೇ ಸ್ಫೋಟಗೊಂಡು ಕಲ್ಲು, ಕೆಸರು ಹಾರಿ ಮರದ ಹಾದಿ ಪುಡಿಯಾಗಿತ್ತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ.

ಹಾಗಾಗಿ ದಿನ ಪೂರ್ತಿ ಅಪ್ಪರ್ ಗೀಸರ್ ಬೇಸಿನ್‌ನಲ್ಲೇ ನಡೆದೆವು. ಒಂದು ಕಡೆ ಮರದ ಹಾದಿಯ ಕೆಳಗೇ ಸಣ್ಣ ಕಾಲುವೆ ಹಾದು ಹೋಗುತ್ತೆ. ಮೇಲೆ ಬುಗ್ಗೆ, ಕೆಳಗೆ ನದಿ. ಅಗಲ ಒಂದು ಮೊಳ ಇರಬಹುದು. ನಾನು ಅಲ್ಲೇ ಮಂಡಿಯೂರಿ ಕೂತೆ.

ನಮ್ಮನೆಯವರ ಬ್ಯಾಗಿನಲ್ಲಿ ಗನ್ ಥರದ ಥರ್ಮಾಮೀಟರ್ ಇತ್ತು. ದೋಸೆ ಕಾವಲಿ ಕಾದಿದೆಯಾ ಅಂತ ನೋಡೋಕೆ ತರಿಸಿದ್ದು. ಮುಟ್ಟೋದು ಬೇಡ, ದೂರದಿಂದ ಗುರಿಯಿಟ್ಟರೆ ಸಾಕು. ಹಬೆ ಅಡ್ಡ ಬಂದರೆ ತಪ್ಪು ತೋರಿಸುತ್ತೆ, ಗಾಳಿ ಬೀಸಿದಾಗ ನೋಡಬೇಕು. ಅವರು ಗುರಿಯಿಡೋದು, ಅಪ್ಪ ಸಂಖ್ಯೆ ಓದೋದು, ನಾನು ಬಣ್ಣ ಹೇಳೋದು.

ಬುಗ್ಗೆಯ ಬಾಯಿಯ ಹತ್ತಿರ 80ರ ಮೇಲೆ. ಈ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತೆ ಅನ್ನೋದು ನೆನಪಿರಲಿ. ಅಲ್ಲಿ ಕಾಲುವೆಯ ತಳ ಬೋಳು, ಬಿಳಿ ಸಿಲಿಕಾ. ಸ್ವಲ್ಪ ಕೆಳಗೆ 70ರ ಆಸುಪಾಸು ಬಂತು. ಅಲ್ಲಿ ತಳಕ್ಕೆ ತೆಳುವಾಗಿ ಅರಿಶಿನ ಸವರಿದಂಥ ಬಣ್ಣ ಶುರು. ಬಿಸಿಲಿನಿಂದ ಬದುಕುವ ಜೀವಕ್ಕೆ ಎಲ್ಲೆ 73-74 ಡಿಗ್ರಿ. ಅದಕ್ಕಿಂತ ಮೇಲೆ ಬೇರೆ ಬ್ಯಾಕ್ಟೀರಿಯಾಗಳು ಇರುತ್ತವೆ, ದ್ಯುತಿಸಂಶ್ಲೇಷಣೆ ಮಾಡುವುದು ಒಂದೂ ಇಲ್ಲ. ಆ ಎಲ್ಲೆ ಕಣ್ಣಿಗೆ ಕಾಣುತ್ತೆ. ಗೆರೆ ಎಳೆದ ಹಾಗೆ. ಆದರೆ ಗೆರೆ ನೇರ ಇಲ್ಲ, ಇಂಗ್ಲಿಷಿನ ವಿ ಅಕ್ಷರದ ಆಕಾರ. ಕಾಲುವೆಯ ಅಂಚಿನ ನೀರು ಬೇಗ ತಣಿಯುತ್ತೆ, ಹಾಗಾಗಿ ಅಂಚಿನಲ್ಲಿ ಪಾಚಿ ಬುಗ್ಗೆಯ ಕಡೆಗೆ ಮೇಲೇರಿರುತ್ತೆ. ನಡುವಿನಲ್ಲಿ ನೀರು ಇನ್ನೂ ಸುಡುವುದರಿಂದ ಕೆಳಗೆ ಹಿಂದುಳಿದಿರುತ್ತೆ.

ಅದರ ಕೆಳಗೆ 60ರ ಹತ್ತಿರ ಪದರ ದಪ್ಪವಾಯಿತು. ಮೇಲ್ಮೈ ಕಿತ್ತಳೆ ಮಿಶ್ರಿತ ಹಸಿರು. ಒಂದು ಕಡೆ ಅಂಚು ತಾನಾಗೇ ಕಿತ್ತುಬಂದು ಮಡಚಿಕೊಂಡಿತ್ತು, ಒಳಗಿನ ಪದರ ಕಾಣುತ್ತಿತ್ತು. ಮೇಲೆ ಒಂದೆರಡು ಮಿಲಿಮೀಟರ್ ಹಸಿರು, ಅದರಡಿ ಇಟ್ಟಿಗೆ ಬಣ್ಣ. ಆ ಇಟ್ಟಿಗೆ ಬಣ್ಣದ್ದು ರೋಸಿಫ್ಲೆಕ್ಸಸ್, ಕ್ಲೋರೊಫ್ಲೆಕ್ಸಸ್ ಅನ್ನುವ ಬೇರೆ ಗುಂಪು. ಹಸಿರಿನ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಸಿಕ್ಕಿಕೊಂಡಿದ್ದವು. ಮೋಡ ಸರಿದು ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಗುಳ್ಳೆಗಳು ಉಬ್ಬಿ ಒಂದೊಂದೇ ಬಿಟ್ಟುಕೊಂಡು ಮೇಲೆ ಬಂದವು. ಅದು ಆಮ್ಲಜನಕ. ಇನ್ನೂ ಕೆಳಗೆ, 40ಕ್ಕಿಂತ ಕಡಿಮೆ ಇದ್ದಲ್ಲಿ, ಸಣ್ಣ ಕಪ್ಪು ನೊಣಗಳು ಪದರದ ಮೇಲೆ ಆರಾಮಾಗಿ ಓಡಾಡಿಕೊಂಡು ಅದನ್ನೇ ಮೇಯುತ್ತಿದ್ದವು. ಎಫಿಡ್ರಿಡ್ ನೊಣ ಅಂತಾರೆ. ಬಿಸಿ ಜಾಸ್ತಿ ಇರುವ ಕಡೆ ನೊಣ ಬರೋಕಾಗಲ್ಲ, ಪದರ ದಪ್ಪ ಇರೋದಕ್ಕೆ ಅದೂ ಒಂದು ಕಾರಣ.

ಈಗ ನಿನ್ನೆಯ ಎ, ಬಿ ಕಥೆಯನ್ನು ಈ ಕಾಲುವೆಗೆ ಹೊಂದಿಸಿ ನೋಡಿ. ವಾರ್ಡ್ ಅವರ ತಂಡ ಬುಗ್ಗೆಯಿಂದ ಕೆಳಕ್ಕೆ ಬೇರೆ ಬೇರೆ ಬಿಸಿಯ ಜಾಗಗಳಿಂದ ಚೂರು ಚೂರು ತೆಗೆದು ಜೀನ್ ಓದಿತು. ಅತಿ ಬಿಸಿಯ ತುದಿಯಲ್ಲಿ ಎ ಡಬಲ್ ಪ್ರೈಮ್, ಆಮೇಲೆ ಎ ಪ್ರೈಮ್, ಎ, ಬಿ ಪ್ರೈಮ್, ಕೊನೆಗೆ ತಂಪಿನ ಕಡೆ ಬಿ. ಸಾಲಾಗಿ. ಕಣ್ಣಿಗೆ ಒಂದೇ ಹಸಿರು, ಒಳಗೆ ಕೆಲವೇ ಹೆಜ್ಜೆಗೊಂದು ಬೇರೆ ವಂಶ. ಆಮೇಲೆ ಬೇಗ ಬದಲಾಗುವ ಜೀನ್‌ಗಳನ್ನು ಹಿಡಿದರು. ದ್ಯುತಿಸಂಶ್ಲೇಷಣೆಯ ಪಿಎಸ್‌ಎ-ಎ ಅನ್ನುವ ಜೀನ್ ಅವುಗಳಲ್ಲೊಂದು. 16ಎಸ್ ಒಂದೇ ಅಂತ ತೋರಿಸಿದ ಗುಂಪೂ ಇದರಲ್ಲಿ ಒಡೆದು ಹಲವಾಯಿತು. ಮಶ್ರೂಮ್ ಸ್ಪ್ರಿಂಗ್‌ನಲ್ಲಿ ಒಂದೇ ಜಾಗದ ಒಂದು ಮಿಲಿಮೀಟರ್ ದಪ್ಪದೊಳಗೇ ಮೇಲಿನದಕ್ಕೆ ಬೇರೆ, ಕೆಳಗಿನದಕ್ಕೆ ಬೇರೆ. ಮೇಲಿನದು ಸುಡು ಬಿಸಿಲು ತಡೆಯುತ್ತೆ, ಕೆಳಗಿನದು ಸೋರಿ ಬಂದ ಬೆಳಕಿನಲ್ಲೇ ಸಂಸಾರ ನಡೆಸುತ್ತೆ.

ಅಪ್ಪನಿಗೆ ಇದಕ್ಕಿಂತ ರಾತ್ರಿಯ ವಿಷಯ ಹಿಡಿಸಿತು. ಊರಿನಲ್ಲಿ ಅವರು ಹಸುವಿಗೆಂದು ತೊಟ್ಟಿಯಲ್ಲಿ ಅಜೋಲಾ ಬೆಳೆಸುತ್ತಾರೆ. ಅಜೋಲಾ ಎಲೆಯೊಳಗೆ ಒಂದು ಸಯನೋಬ್ಯಾಕ್ಟೀರಿಯಾ ವಾಸ ಇದ್ದು ಗಾಳಿಯ ಸಾರಜನಕ ಹಿಡಿದು ಕೊಡುತ್ತೆ ಅಂತ ಅವರಿಗೆ ಗೊತ್ತು. ಇಲ್ಲಿನ ಸಿನೆಕೊಕಾಕಸ್ ಕೂಡ ಅದೇ ಕೆಲಸ ಮಾಡುತ್ತೆ. ಆದರೆ ಒಂದು ಪೇಚು. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ಕಂಡರೆ ಆಗುವುದಿಲ್ಲ, ಕೆಟ್ಟುಹೋಗುತ್ತೆ. ಅಜೋಲಾದಲ್ಲಿರುವ ಬ್ಯಾಕ್ಟೀರಿಯಾ ಅದಕ್ಕೆಂದೇ ಪ್ರತ್ಯೇಕ ಕೋಶ ಇಟ್ಟುಕೊಂಡಿದೆ. ಸಿನೆಕೊಕಾಕಸ್ ಒಂಟಿ ಕೋಶ, ಅದಕ್ಕೆ ಬೇರೆ ಕೋಣೆ ಇಲ್ಲ. ಹಾಗಾಗಿ ಹೊತ್ತು ನೋಡಿಕೊಂಡು ಕೆಲಸ ಮಾಡುತ್ತೆ. ಹಗಲು ಪದರದ ತುಂಬ ಆಮ್ಲಜನಕ. ಸಂಜೆ ಬೆಳಕು ಇಳಿದ ಮೇಲೆ ಉಸಿರಾಟದಲ್ಲಿ ಅದೆಲ್ಲ ಬೇಗ ಖಾಲಿ. ಆಗ ಸಾರಜನಕದ ಜೀನ್‌ಗಳು ಎದ್ದೇಳುತ್ತವೆ. ಕೆಲಸ ಜೋರಾಗುವುದು ಬೆಳಗಿನ ಜಾವ, ಸ್ವಲ್ಪವೇ ಬೆಳಕು ಬಂದಾಗ. ಕಾರ್ನೆಗಿ ಸಂಸ್ಥೆಯ ದೇವಕಿ ಭಯಾ ಮತ್ತು ಆರ್ಥರ್ ಗ್ರಾಸ್‌ಮನ್ ಅವರ ಗುಂಪು ಆಕ್ಟೋಪಸ್ ಸ್ಪ್ರಿಂಗ್‌ನಲ್ಲೇ ಹಗಲು ರಾತ್ರಿ ಸ್ಯಾಂಪಲ್ ತೆಗೆದು ಇದನ್ನು ತೋರಿಸಿತು. 2006ರಲ್ಲಿ ಮೊದಲ ವರದಿ ಬಂತು.

"ಸರಿಯಾಗೇ ಇದೆ, ಕರೆಂಟು ಬಂದಾಗ ನೀರು ಬಿಡಬೇಕು" ಅಂದರು ಅಪ್ಪ. ಪಂಪ್‌ಸೆಟ್ ಇಟ್ಟವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಮಾರ್ನಿಂಗ್ ಗ್ಲೋರಿ ಪೂಲ್. ಹಿಂದೆ ಪೂರ್ತಿ ನೀಲಿ ಇತ್ತಂತೆ. ಜನ ದಶಕಗಳ ಕಾಲ ನಾಣ್ಯ, ಕಸ, ಕಲ್ಲು ಹಾಕಿ ಹಾಕಿ ಅಡಿಯ ಬಾಯಿ ಕಟ್ಟಿಕೊಂಡಿತು. ಬಿಸಿ ಕಡಿಮೆಯಾಯಿತು, ಅಂಚಿನಲ್ಲಿದ್ದ ಹಳದಿ, ಕಿತ್ತಳೆ ಪಾಚಿ ಒಳಗೆ ಇಳಿಯಿತು. ನೋಡೋಕೆ ಚೆನ್ನಾಗಿಯೇ ಇದೆ. ಅದೇ ಬೇಜಾರು.

ಭಾನುವಾರ: ಮಳೆ

ಮಳೆ, ನಡುವೆ ಆಲಿಕಲ್ಲು. ಹೇಡನ್ ಕಣಿವೆಯಲ್ಲಿ ಬೈಸನ್ ಹಿಂಡು ರಸ್ತೆಗೇ ಬಂದು ನಿಂತು ಮುಕ್ಕಾಲು ಗಂಟೆ ಟ್ರಾಫಿಕ್ ಜಾಮ್. ಒಂದು ಕಾರಿನ ಕಿಟಕಿ ಪಕ್ಕವೇ ಹಾದು ಹೋಯಿತು. ಅಪ್ಪನ ಯಾತ್ರೆ ಅಲ್ಲಿಗೆ ಸಾರ್ಥಕ.

ಉಳಿದ ಹೊತ್ತು ರೂಮಿನಲ್ಲಿ ಇಸ್ಪೀಟು. ಆಟದ ನಡುವೆ ನಮ್ಮನೆಯವರು ಒಂದು ಪ್ರಶ್ನೆ ಎತ್ತಿದರು. ಅವರು ಸಾಫ್ಟ್‌ವೇರ್‌ನವರು, ಎಲ್ಲಕ್ಕೂ ವರ್ಷನ್ ನಂಬರ್ ಬೇಕು. "ಎ, ಬಿ ಪ್ರೈಮ್ ಅಂತೀಯಲ್ಲ, ಅವು ಬೇರೆ ಜಾತೀನಾ, ಒಂದೇ ಜಾತೀನಾ?"

ಒಳ್ಳೆ ಪ್ರಶ್ನೆ. 2007ರಲ್ಲಿ ಎ ಮತ್ತು ಬಿ ಪ್ರೈಮ್ ಎರಡರದ್ದೂ ಪೂರ್ತಿ ಜೀನೋಮ್, ಅಂದರೆ ಡಿಎನ್‌ಎಯ ಇಡೀ ಅಕ್ಷರಸಾಲು, ಬಂತು. ತಲಾ ಸುಮಾರು 30 ಲಕ್ಷ ಅಕ್ಷರ. ಹೆಚ್ಚಿನ ಜೀನ್‌ಗಳು ಎರಡರಲ್ಲೂ ಇವೆ, ಆದರೆ ಜೋಡಣೆ ಮಾತ್ರ ಬೇರೆ. ನಮ್ಮ ಕೈಲಿದ್ದ ಕಟ್ಟನ್ನೇ ತೋರಿಸಿದೆ. ಎಲೆಗಳು ಹೆಚ್ಚುಕಮ್ಮಿ ಅವೇ, ಚೆನ್ನಾಗಿ ಕಲೆಸಿ ಇಟ್ಟಿದೆ. ಇಷ್ಟು ಕಲೆಸಬೇಕಾದರೆ ಇವೆರಡೂ ಬೇರೆಯಾಗಿ ತುಂಬಾ ಕಾಲ ಆಗಿರಬೇಕು. ಹಾಗಾಗಿ ಎ ಬೇರೆ, ಬಿ ಪ್ರೈಮ್ ಬೇರೆ ಅನ್ನೋದಕ್ಕೆ ಅಡ್ಡಿ ಇಲ್ಲ.

ತೊಡಕು ಶುರುವಾಗೋದು ಒಂದೇ ಗುಂಪಿನ ಒಳಗೆ. ವಾರ್ಡ್ ಅವರ ಕಡೆಯವರು ಹೇಳಿದ್ದು ಇದು: ಪ್ರತಿಯೊಂದು ಸಣ್ಣ ವಂಶಕ್ಕೂ ತನ್ನದೇ ಬಿಸಿ, ತನ್ನದೇ ಬೆಳಕು, ತನ್ನದೇ ಜಾಗ ಇದೆ. ಅದಕ್ಕೆ ಇಕೋಟೈಪ್ ಅಂತಾರೆ. ಒಂದು ವಂಶದಲ್ಲಿ ಒಳ್ಳೆಯ ಬದಲಾವಣೆ ಬಂದರೆ ಅದರ ಮಕ್ಕಳು ಆ ಜಾಗವನ್ನು ಪೂರ್ತಿ ಹಿಡಿದುಬಿಡುತ್ತವೆ, ಉಳಿದವು ಅಳಿಯುತ್ತವೆ. 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಕೆಲಸ ಬೇರೆ ಚಿತ್ರ ಕೊಟ್ಟಿತು. ಮೈಕಲ್ ರೋಸನ್, ದೇವಕಿ ಭಯಾ, ಡೇನಿಯಲ್ ಫಿಶರ್ ಮೊದಲಾದವರು ಸಿನೆಕೊಕಾಕಸ್‌ನ ಹಲವಾರು ಜೀನ್‌ಗಳನ್ನು ತುಂಬಾ ಆಳವಾಗಿ ಓದಿದರು. ಈ ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲಿ ಡಿಎನ್‌ಎ ಚೂರುಗಳನ್ನು ಎಷ್ಟು ಅದಲುಬದಲು ಮಾಡಿಕೊಳ್ಳುತ್ತವೆ ಅಂದರೆ, ಹೆಚ್ಚುಕಡಿಮೆ ಗಂಡು ಹೆಣ್ಣು ಇರುವ ಪ್ರಾಣಿಗಳಲ್ಲಿ ಆಗುವಷ್ಟೇ ಬೆರಕೆ. ಹಾಗಿದ್ದಮೇಲೆ ಅಚ್ಚುಕಟ್ಟಾದ ವಂಶಗಳು ಎಲ್ಲಿ ಉಳಿಯಬೇಕು? ಒಂದೊಂದು ಕೋಶವೂ ಬೇರೆ ಬೇರೆ ಮೂಲದ ತುಂಡುಗಳನ್ನು ಕೂಡಿಸಿಕೊಂಡದ್ದೇ.

"ಹಾಗಾದ್ರೆ ಯಾರು ಸರಿ?" ಅಂದರು ಅಪ್ಪ, ಎಲೆ ಇಳಿಸುತ್ತಾ.

ನನಗೆ ಅನ್ನಿಸುವುದು ಇಷ್ಟು. ಬಿಸಿಯ ಮೆಟ್ಟಿಲು ಮೆಟ್ಟಿಲಿಗೆ ಗುಂಪು ಬದಲಾಗುವುದು ಸುಳ್ಳಲ್ಲ, ಅದನ್ನು ಬೇರೆ ಬೇರೆ ಕಾಲುವೆಗಳಲ್ಲಿ ನೋಡಿದ್ದಾರೆ. ಪಕ್ಕದ ವೈಟ್ ಕ್ರೀಕ್‌ನಲ್ಲಿ ಮ್ಯಾಸ್ಟಿಗೊಕ್ಲಾಡಸ್ ಅನ್ನುವ ಬೇರೆಯೇ ಸಯನೋಬ್ಯಾಕ್ಟೀರಿಯಾ ಇಟ್ಟುಕೊಂಡು ಸ್ಕಾಟ್ ಮಿಲ್ಲರ್ ಅವರ ತಂಡ ನೋಡಿದಾಗಲೂ ಹಾಗೇ ಆಯಿತು. ಮೇಲಿನ ಬಿಸಿ ಕಡೆಯವು ಬಿಸಿಯಲ್ಲಿ ಚೆನ್ನಾಗಿ ಬೆಳೆದವು, ಕೆಳಗಿನವು ತಂಪಿನಲ್ಲಿ. ಆದರೆ ಆ ಗುಂಪುಗಳ ನಡುವೆ ಗೋಡೆ ಇದೆ ಅಂದುಕೊಳ್ಳಬಾರದು. ಎ, ಬಿ ಪ್ರೈಮ್ ಅನ್ನೋದನ್ನು ವಿಳಾಸ ಅಂತ ಓದಿಕೊಂಡರೆ ಆಯಿತು, ಕುಲದ ಹೆಸರು ಅಂತ ಬೇಡ.

ವೈರಸ್‌ಗಳ ಪಾತ್ರವೂ ಇದೆ. ಈ ಪಾಚಿಗೂ ವೈರಸ್ ಕಾಟ ತಪ್ಪಿದ್ದಲ್ಲ. ಹಿಂದೆ ಬಂದ ವೈರಸ್‌ನ ಚೂರನ್ನು ತನ್ನ ಜೀನೋಮ್‌ನಲ್ಲಿ ಕತ್ತರಿಸಿ ಇಟ್ಟುಕೊಂಡು, ಮತ್ತೆ ಬಂದರೆ ಗುರುತು ಹಿಡಿಯುವ ಕ್ರಿಸ್ಪರ್ ವ್ಯವಸ್ಥೆ ಎರಡು ಜೀನೋಮ್‌ನಲ್ಲೂ ಇದೆ. ಆ ಪಟ್ಟಿ ಕೋಶದಿಂದ ಕೋಶಕ್ಕೆ ಬೇರೆ. ಬೇರೆ ಯಾವ ಜೀನ್‌ನಲ್ಲೂ ವ್ಯತ್ಯಾಸ ಇಲ್ಲದಿದ್ದರೂ ಇದರಲ್ಲಿ ಇರಬಹುದು.

ಆಟದಲ್ಲಿ ಅಪ್ಪ ಗೆದ್ದರು. ಯಾವಾಗಲೂ ಅಷ್ಟೇ.

ಸೋಮವಾರ: ನಾರಿಸ್, ಮ್ಯಾಮತ್

ಪಾರ್ಕ್‌ನ ಇನ್ನೊಂದು ಬುಗ್ಗೆಗಳ ಜಾಗವಾದ ನಾರಿಸ್‌ನಲ್ಲಿ ಹಸಿರು ಜಾಸ್ತಿ. ಗಿಳಿ ಹಸಿರು, ಕಣ್ಣಿಗೆ ಹೊಡೆಯುವಂಥದ್ದು. ಅಪ್ಪ ಖುಷಿಯಿಂದ ಕೂಗಿದರು, "ಪುಟ್ಟಿ, ನಿನ್ನ ಪಾಚಿ!" ಅಲ್ಲ. ನಾರಿಸ್‌ನ ನೀರು ಬಹಳ ಕಡೆ ಹುಳಿ, ಆಮ್ಲ. ಪಿಎಚ್ 4ಕ್ಕಿಂತ ಕೆಳಗೆ ಸಯನೋಬ್ಯಾಕ್ಟೀರಿಯಾ ಇರುವುದೇ ಇಲ್ಲ ಅಂತ ಬ್ರಾಕ್ 1973ರಲ್ಲೇ ಬರೆದರು. ಅಲ್ಲಿನ ಹಸಿರು ಸಯನಿಡಿಯಮ್ ಬಳಗದ್ದು. ನೋಡೋಕೆ ಹಸಿರು, ಆದರೆ ಕೆಂಪು ಪಾಚಿಗಳ ಕುಟುಂಬ. ಕೋಶದೊಳಗೆ ನ್ಯೂಕ್ಲಿಯಸ್ ಇರುವ ನಿಜವಾದ ಪಾಚಿ. 56 ಡಿಗ್ರಿಯವರೆಗೆ ತಡೆಯುತ್ತೆ, ಅದಕ್ಕೆ ಮೇಲೆ ಆಗಲ್ಲ. ಆಕ್ಟೋಪಸ್ ಸ್ಪ್ರಿಂಗ್‌ನ ನೀರು ಇದಕ್ಕೆ ತದ್ವಿರುದ್ಧ, ಕ್ಷಾರದ ಕಡೆ. ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ, ನೀರಿನ ಗುಣ ಬದಲಾದರೆ ಜೀವದ ಬೇರೆಯದೇ ಪ್ರಪಂಚ.

ಮ್ಯಾಮತ್ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಸುಣ್ಣದ ಮೆಟ್ಟಿಲುಗಳು. ಹುಲ್ಲಿನ ಮೇಲೆ ಎಲ್ಕ್ ಗಂಡು ಒಂದೇ ಸಮ ಕೂಗುತ್ತಿತ್ತು, ಅದರ ಮದದ ಕಾಲ. ಅಲ್ಲಿ ಬೆಂಚಿನ ಮೇಲೆ ಕೂತು ಅವಲಕ್ಕಿ ತಿನ್ನುವಾಗ ಅಪ್ಪ ಕೇಳಿದರು, "ಪ್ರಪಂಚದಲ್ಲಿ ಎಲ್ಲ ಬಿಸಿನೀರಿನ ಬುಗ್ಗೆಯಲ್ಲೂ ಇದೇ ಎ, ಬಿ ಇರುತ್ತಾ?"

ಇದಕ್ಕೆ ಉತ್ತರ 2003ರಲ್ಲಿ ಬಂದಿದೆ. ಥೇನ್ ಪಾಪ್ಕೆ, ವಾರ್ಡ್ ಮತ್ತಿತರರು ಅಮೆರಿಕ, ಜಪಾನ್, ನ್ಯೂಜಿಲೆಂಡ್, ಇಟಲಿಯ ಬುಗ್ಗೆಗಳಿಂದ ಪಾಚಿ ತಂದು ಹೋಲಿಸಿದರು. ಬ್ಯಾಕ್ಟೀರಿಯಾ ಗಾಳಿಯಲ್ಲಿ, ಹಕ್ಕಿ ಕಾಲಿನಲ್ಲಿ ಎಲ್ಲಿ ಬೇಕಾದರೂ ಹೋಗುತ್ತೆ, ಎಲ್ಲ ಕಡೆ ಎಲ್ಲವೂ ಇರುತ್ತೆ, ಜಾಗ ಹೊಂದಿದ್ದು ಬೆಳೆಯುತ್ತೆ ಅನ್ನೋದು ಹಳೆಯ ನಂಬಿಕೆ. ಫಲಿತಾಂಶ ಹಾಗೆ ಬರಲಿಲ್ಲ. ಒಂದೊಂದು ಪ್ರದೇಶಕ್ಕೂ ಅದರದೇ ವಂಶಗಳು. ನೀರಿನ ರಾಸಾಯನಿಕ ಗುಣದಿಂದ ಆ ವ್ಯತ್ಯಾಸ ವಿವರಿಸೋಕೆ ಆಗಲಿಲ್ಲ, ದೂರದಿಂದ ಆಯಿತು. ಬಿಸಿಗೆ ಒಗ್ಗಿದ ಈ ಒಂಟಿ ಕೋಶಕ್ಕೆ ಎರಡು ಬುಗ್ಗೆಗಳ ನಡುವಿನ ತಣ್ಣನೆಯ ನೆಲ, ಸಮುದ್ರ ದಾಟುವುದು ಸುಲಭ ಅಲ್ಲ. ಜಪಾನಿನ ಬೆಪ್ಪು ಬುಗ್ಗೆಯಲ್ಲಿ ಸಿಕ್ಕ ಥರ್ಮೊಸಿನೆಕೊಕಾಕಸ್‌ನ ಜೀನೋಮ್ 2002ರಲ್ಲೇ ಬಂತು. ಆಕಾರದಲ್ಲಿ ಇಲ್ಲಿನದಕ್ಕೆ ಹತ್ತಿರ, ವಂಶದಲ್ಲಿ ದೂರ.

"ನಮ್ಮ ಪುತ್ತೂರಿನ ಹತ್ರ ಬೆಂದ್ರು ತೀರ್ಥ ಇದೆಯಲ್ಲ, ಅದ್ರಲ್ಲಿ?"

ಬೆಂದ್ರು ತೀರ್ಥದ ನೀರು ಉಗುರು ಬೆಚ್ಚಗೆ, ಸ್ನಾನಕ್ಕೆ ಹಿತ. ಎ, ಬಿ ಪ್ರೈಮ್‌ಗಳಿಗೆ ಅದು ಚಳಿ. ಆ ಬಿಸಿಯಲ್ಲಿ ನೊಣಗಳೂ ಮೇಯಬಹುದು. ಹೆಚ್ಚು ಬಿಸಿ ಬೇಕೆಂದರೆ ಹಿಮಾಚಲದ ಮಣಿಕರಣ್, ಲಡಾಖ್‌ನ ಪೂಗಾ ಕಣಿವೆ ಕಡೆ ಹೋಗಬೇಕು. ಮುಂದಿನ ಸಲ ಊರಿಗೆ ಬಂದಾಗ ಮಣಿಕರಣ್‌ಗೆ ಹೋಗೋಣ ಅಂತ ಅಪ್ಪನೇ ಅಂದರು. ಅಲ್ಲಿ ಬುಗ್ಗೆಯ ನೀರಿನಲ್ಲಿ ಅನ್ನ ಬೇಯಿಸುತ್ತಾರಂತೆ ಅನ್ನೋದು ಅವರ ಆಸಕ್ತಿ.

ಹೋಗುವವರಿಗೆ ಒಂದೆರಡು ಮಾತು. ಬಣ್ಣ ನೋಡಬೇಕಿದ್ದರೆ ಬೇಸಿಗೆಯಲ್ಲಿ ಹೋಗಿ. ಸುಡುವ ಬಿಸಿಲಿನಿಂದ ತಪ್ಪಿಸಿಕೊಳ್ಳೋಕೆ ಪಾಚಿ ಕ್ಯಾರೊಟಿನಾಯ್ಡ್ ಅನ್ನುವ ಹಳದಿ-ಕಿತ್ತಳೆ ಬಣ್ಣದ ವಸ್ತು ಜಾಸ್ತಿ ಮಾಡಿಕೊಂಡು ಕಿತ್ತಳೆಯಾಗಿರುತ್ತೆ. ಚಳಿಗಾಲದಲ್ಲಿ ಅದೇ ಕಾಲುವೆ ಕಡು ಹಸಿರು. ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್‌ನ ಪಾರ್ಕಿಂಗ್ ಬೆಳಗ್ಗೆ ಹತ್ತಕ್ಕೇ ತುಂಬುತ್ತೆ, ಅದಕ್ಕಾಗಿ ಜಗಳ ಆಡಬೇಡಿ. ಅಪ್ಪರ್ ಗೀಸರ್ ಬೇಸಿನ್‌ನಲ್ಲಿ ಜನ ಕಡಿಮೆ ಇರುವ ಒಂದು ಸಣ್ಣ ಕಾಲುವೆ ಹುಡುಕಿ, ಹತ್ತಿರದ್ದನ್ನೂ ಫೋಕಸ್ ಮಾಡುವ ಬೈನಾಕ್ಯುಲರ್ ಇದ್ದರೆ ತಗೊಂಡು ಹೋಗಿ. ಬುಗ್ಗೆಯಿಂದ ಕೆಳಕ್ಕೆ ನೋಡಿಕೊಂಡು ಬನ್ನಿ. ಥರ್ಮಾಮೀಟರ್ ನೀರಿಗೆ ಇಳಿಸುವಂತಿಲ್ಲ, ದೋಸೆ ಕಾವಲಿಯದು ಇದ್ದರೆ ಸಾಕು.